ಅಗೆದ ರಸ್ತೆಯ ಜಮಾ-ಖರ್ಚು

ಪುಟಾಣಿಗಳೇ, ಈ ವಾರ ರಸ್ತೆಯ ಲೆಕ್ಕ ಮಾಡೋಣ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಈ ಲೆಕ್ಕದಲ್ಲಿ ಅವರ ಪಾಲು ದೊಡ್ಡದಿದೆ.

"ರಸ್ತೆ ಚೆನ್ನಾಗಿಯೇ ಇತ್ತಲ್ಲ, ಮತ್ತೆ ಯಾಕೆ ಅಗೆದರು?" ಬೆಂಗಳೂರಿನಲ್ಲಿ ಮಕ್ಕಳೂ ಕೇಳುವ, ಮುದುಕರೂ ಕೇಳುವ ಪ್ರಶ್ನೆ ಇದು. ಶಾಲೆಯ ವ್ಯಾನು ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ತೆಗೆದುಕೊಂಡಾಗ ನೀವು ಕೇಳುತ್ತೀರಿ. ಹಾಲಿನ ಬೂತಿಗೆ ಹೋಗಲು ಮಣ್ಣಿನ ಗುಡ್ಡೆ ಹತ್ತಿ ಇಳಿಯಬೇಕಾದಾಗ ಅಜ್ಜಿ ಕೇಳುತ್ತಾರೆ. ಉತ್ತರ ಹೇಳುವವರು ಮಾತ್ರ ಕಡಿಮೆ. "ಇವರಿಗೆ ಬೇರೆ ಕೆಲಸವಿಲ್ಲ" ಎಂದು ಗೊಣಗಿ ಸುಮ್ಮನಾಗುವುದೇ ಹೆಚ್ಚು.

ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವನು ನಾನು. ಏನನ್ನು ಕಂಡರೂ ನಡುವೆ ಒಂದು ಗೆರೆ ಎಳೆದು, ಎಡಗಡೆ ಖರ್ಚು, ಬಲಗಡೆ ಜಮಾ ಎಂದು ಬರೆದುಕೊಳ್ಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಗೊಣಗುವುದಕ್ಕಿಂತ ಅದು ಮೇಲು. ಲೆಕ್ಕ ಬರೆದಾಗ ಯಾರಿಗೆ ಎಷ್ಟು ಕೊಡಬೇಕು ಎಂಬುದು ಕಣ್ಣಿಗೆ ಕಾಣುತ್ತದೆ.

ನೆಲದಡಿಯ ಊರು

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದಾಗ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ಎತ್ತುಗಳಿಂದ ನೇಗಿಲು ಹೂಡಿಸಿ, ಆ ಸಾಲುಗಳೇ ಬೀದಿಗಳಾದವು ಎಂಬ ಪ್ರತೀತಿ ಇದೆ. ಅಂದರೆ ನಮ್ಮ ಊರಿನ ಕಥೆಯಲ್ಲಿ ರಸ್ತೆ ಹುಟ್ಟಿದ್ದೇ ನೆಲ ಅಗೆದು! ಆ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಆದರೆ ಆ ಕಾಲದ ಬೀದಿಗೆ ಮೇಲ್ಭಾಗ ಮಾತ್ರ ಇತ್ತು. ಕೆಳಗೆ ಬರೀ ಮಣ್ಣು.

ಈಗ ಹಾಗಿಲ್ಲ. ರಸ್ತೆಯ ಕೆಳಗೆ ಇನ್ನೊಂದು ಊರೇ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟ ಕೆರೆಯಿಂದ ಕೊಳಾಯಿ ನೀರು ಬಂತು. 1905ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1974ರಲ್ಲಿ ಕಾವೇರಿ ನೀರು ಬಂತು. ಅವುಗಳ ಜೊತೆಗೆ ಒಳಚರಂಡಿ, ಮಳೆನೀರಿನ ಚರಂಡಿ, ಟೆಲಿಫೋನ್ ತಂತಿ, ಇಂಟರ್‌ನೆಟ್ಟಿನ ಗಾಜಿನೆಳೆಯ ಕೇಬಲ್, ಇತ್ತೀಚೆಗೆ ಅಡುಗೆ ಅನಿಲದ ಪೈಪು. ಒಬ್ಬೊಬ್ಬರೂ ಒಂದೊಂದು ಕಾಲದಲ್ಲಿ ಬಂದು, ಖಾಲಿ ಕಂಡ ಕಡೆ ತಮ್ಮ ಪೈಪು ಹೂತು ಹೋದರು. ಚಿಕ್ಕ ಮನೆಗೆ ಒಬ್ಬರ ಹಿಂದೆ ಒಬ್ಬರು ನೆಂಟರು ಬಂದು, ಸಿಕ್ಕ ಮೂಲೆಯಲ್ಲಿ ಚಾಪೆ ಹಾಸಿಕೊಂಡ ಹಾಗೆ.

ಇವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸ್ವಭಾವ. ಒಳಚರಂಡಿಗೆ ಪಂಪು ತಳ್ಳುವುದಿಲ್ಲ, ಅದು ಇಳಿಜಾರಿನಲ್ಲಿ ತಾನೇ ಹರಿಯಬೇಕು. ಆದ್ದರಿಂದ ದೂರ ಹೋದಷ್ಟೂ ಆಳಕ್ಕೆ ಹೋಗುತ್ತದೆ. ಕುಡಿಯುವ ನೀರಿನ ಪೈಪು ಯಾವತ್ತೂ ಅದಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ಚರಂಡಿ ಸೋರಿದಾಗ ಕೊಳಕು ನೀರು ಕೊಳಾಯಿಗೆ ಸೇರುವ ಭಯ. ಕರೆಂಟಿನ ಕೇಬಲ್ಲಿಗೆ ನೀರು ಕಂಡರೆ ಆಗದು. ಮರದ ಬೇರಿಗೆ ನೀರು ಬೇಕೇ ಬೇಕು.

ಇವುಗಳನ್ನು ನೋಡಿಕೊಳ್ಳುವ ಕಚೇರಿಗಳೂ ಬೇರೆ ಬೇರೆ. ನೀರು, ಒಳಚರಂಡಿಗೆ ಜಲಮಂಡಳಿ. ಕರೆಂಟಿಗೆ ಬೆಸ್ಕಾಂ. ರಸ್ತೆ ಮತ್ತು ಮಳೆನೀರಿನ ಚರಂಡಿಗೆ ಪಾಲಿಕೆ. ಕೇಬಲ್ಲುಗಳಿಗೆ ಹಲವು ಕಂಪನಿಗಳು. ಇವತ್ತು ಒಂದು ಪೈಪು ಒಡೆದರೆ ಒಬ್ಬರು ಅಗೆಯುತ್ತಾರೆ, ನಾಳೆ ಕೇಬಲ್ಲಿಗಾಗಿ ಇನ್ನೊಬ್ಬರು. ಅಗೆದ ಗುಂಡಿಗೆ ಮಣ್ಣನ್ನು ತೆಳುವಾದ ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ದಮ್ಮಸು ಮಾಡಿ ತುಂಬಬೇಕು. ಒಂದೇ ಸಲ ಸುರಿದು ಮೇಲೆ ಡಾಂಬರು ಬಳಿದರೆ ಮೊದಲ ಮಳೆಗೇ ಮಣ್ಣು ಕುಸಿದು ಹಳ್ಳ ಬೀಳುತ್ತದೆ. ರಸ್ತೆ ಚೆನ್ನಾಗಿರುವಾಗ ಯಾಕೆ ಅಗೆದರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಚೆನ್ನಾಗಿದ್ದದ್ದು ಮೇಲಿನ ಹೊದಿಕೆ. ಕೆಟ್ಟದ್ದು ಒಳಗೆ.

ಒಂದೇ ಸಲ ಅಗೆಯುವ ಉಪಾಯ

ಹಾಗಾದರೆ ಒಮ್ಮೆ ಪೂರ್ತಿ ಅಗೆದು, ಎಲ್ಲ ನೆಂಟರಿಗೂ ಒಂದೊಂದು ಕೋಣೆ ಕಟ್ಟಿಕೊಟ್ಟು, ಮುಂದೆ ಮತ್ತೆ ಅಗೆಯದಂತೆ ಮಾಡಿದರೆ ಆಗದೇ? ಆಗುತ್ತದೆ. ಬೆಂಗಳೂರಿನಲ್ಲಿ 'ಟೆಂಡರ್ ಶೂರ್' ಎಂಬ ಹೆಸರಿನಲ್ಲಿ ಸುಮಾರು ಹತ್ತು ವರ್ಷಗಳ ಹಿಂದೆ ಇದನ್ನೇ ಮಾಡಲು ಹೊರಟರು. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ವಿಠಲ್ ಮಲ್ಯ ರಸ್ತೆ ಮುಂತಾದ ಕಡೆ ಪೈಪು, ಕೇಬಲ್ಲುಗಳಿಗೆ ಫುಟ್‌ಪಾತಿನ ಕೆಳಗೆ ಜಾಗ ಮಾಡಿ, ಅಲ್ಲಲ್ಲಿ ಮುಚ್ಚಳ ತೆಗೆದು ಇಳಿಯುವ ಗುಂಡಿಗಳನ್ನು ಕಟ್ಟಿದರು. ಕೇಬಲ್ ಕೆಟ್ಟರೆ ಮುಚ್ಚಳ ತೆಗೆದರೆ ಸಾಕು, ರಸ್ತೆ ಒಡೆಯಬೇಕಾಗಿಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದರು. ನಮ್ಮ ಹಳೆಯ ರಸ್ತೆಗಳು ಒಂದು ಕಡೆ ಅಗಲ, ಮುಂದೆ ಹೋದರೆ ಇಕ್ಕಟ್ಟು. ನಾಲ್ಕು ಸಾಲಿನಲ್ಲಿ ಬಂದ ಗಾಡಿಗಳು ಇದ್ದಕ್ಕಿದ್ದಂತೆ ಎರಡು ಸಾಲಿನಲ್ಲಿ ತೂರಬೇಕು. ತಂಬಿಗೆಯ ಹೊಟ್ಟೆ ಎಷ್ಟು ದೊಡ್ಡದಾದರೂ ನೀರು ಬಗ್ಗಿ ಬೀಳುವುದು ಕಂಠ ಬಿಟ್ಟಷ್ಟೇ ಅಲ್ಲವೇ? ಆದ್ದರಿಂದ ರಸ್ತೆಯನ್ನು ಉದ್ದಕ್ಕೂ ಒಂದೇ ಅಗಲ ಮಾಡಿ, ಮಿಕ್ಕ ಜಾಗವನ್ನು ಫುಟ್‌ಪಾತಿಗೆ ಸೇರಿಸಿದರು. ಗಾಡಿ ಓಡಿಸುವವರು "ರಸ್ತೆಯನ್ನು ಕಿರಿದು ಮಾಡಿಬಿಟ್ಟರು" ಎಂದು ದೂರಿದರು. ನಡೆಯುವವರು ನಿಟ್ಟುಸಿರು ಬಿಟ್ಟರು. ಒಂದೇ ರಸ್ತೆ, ಎರಡು ಪಾಸ್‌ಬುಕ್ಕು.

ಇವುಗಳ ನೆರೆಯಲ್ಲೇ ಇರುವುದು ಚರ್ಚ್ ಸ್ಟ್ರೀಟ್. ಎಂ.ಜಿ. ರಸ್ತೆಯ ಪಕ್ಕದಲ್ಲಿ, ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ, ಮುಕ್ಕಾಲು ಕಿಲೋಮೀಟರಿನ ಆಸುಪಾಸಿನ ಬೀದಿ. ಪುಸ್ತಕದ ಅಂಗಡಿಗಳಿಗೆ ಹೆಸರುವಾಸಿ. 2017ರ ಫೆಬ್ರವರಿಯಲ್ಲಿ ಅದನ್ನು ಅಗೆಯಲು ಶುರು ಮಾಡಿದರು. 2018ರ ಮಾರ್ಚ್ 1ರಂದು ಮತ್ತೆ ತೆರೆದರು. ಹೆಚ್ಚುಕಡಿಮೆ ಒಂದು ವರ್ಷ! ಡಾಂಬರಿನ ಬದಲು ಚಿಕ್ಕ ಚಿಕ್ಕ ಕಲ್ಲುಗಳನ್ನು ವಿನ್ಯಾಸವಾಗಿ ಜೋಡಿಸಿದ ನೆಲ, ಅಗಲವಾದ ಕಾಲುದಾರಿ, ಕೂರಲು ಜಾಗ. ಕಲ್ಲಿನ ನೆಲದ ಮೇಲೆ ಗಾಡಿ ತಾನಾಗಿಯೇ ನಿಧಾನವಾಗುತ್ತದೆ. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಅಲ್ಲಿಗೆ ವಾಹನಗಳನ್ನೇ ಬಿಡದೆ, ಬರೀ ನಡೆಯುವವರಿಗೆ ಬಿಟ್ಟುಕೊಟ್ಟು ನೋಡಿದರು. ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣ ಹತ್ತಿರವೇ ಇರುವುದರಿಂದ ಕಾರಿಲ್ಲದೆಯೂ ಜನ ಅಲ್ಲಿಗೆ ಬರಬಲ್ಲರು.

ಇದೆಲ್ಲ ಜಮಾ ಕಡೆಗೆ. ಖರ್ಚಿನ ಕಡೆಯೂ ಇದೆ. ಆ ಒಂದು ವರ್ಷ ಅಲ್ಲಿನ ಅಂಗಡಿಗಳಿಗೆ ಗಿರಾಕಿ ಬರುವುದು ಕಷ್ಟವಾಯಿತು. ಗುಂಡಿ ದಾಟಿ ಪುಸ್ತಕ ಕೊಳ್ಳಲು ಬರುವವರು ಎಷ್ಟು ಮಂದಿ? ಗಾಡಿಗಳ ಭಾರಕ್ಕೆ ಕೆಲವು ವರ್ಷಗಳಲ್ಲೇ ಅಲ್ಲಲ್ಲಿ ಕಲ್ಲುಗಳು ಸಡಿಲವಾಗಿ ಮತ್ತೆ ದುರಸ್ತಿ ಮಾಡಬೇಕಾಯಿತು. ಚೆನ್ನಾಗಿ ಕಟ್ಟಿದರೆ ಸಾಲದು, ಚೆನ್ನಾಗಿ ನೋಡಿಕೊಳ್ಳಬೇಕು. ಖಾತೆ ತೆರೆದವನು ಆಗಾಗ ಹಣ ಕಟ್ಟುತ್ತಲೂ ಇರಬೇಕಲ್ಲ, ಹಾಗೆ.

ಸಾಲು ಎಷ್ಟುದ್ದ?

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಅಗೆದ ರಸ್ತೆಯಲ್ಲಿ ಗಾಡಿಗಳ ಸಾಲು ಹೇಗೆ ಬೆಳೆಯುತ್ತದೆ ನೋಡೋಣ.

ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದಾಗ ಒಂದು ಸಾಲಿನಿಂದ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ದಾಟುತ್ತದೆ ಎಂದು ಲೆಕ್ಕ. ಎರಡು ನಿಮಿಷದ ಸುತ್ತಿನಲ್ಲಿ ಒಂದು ನಿಮಿಷ ಹಸಿರು ಎಂದುಕೊಳ್ಳಿ. ಒಂದು ಸಾಲಿನಿಂದ 30 ಕಾರು ದಾಟುತ್ತವೆ. ಎರಡು ಸಾಲಿದ್ದರೆ 60. ಪ್ರತಿ ಸುತ್ತಿಗೆ 40 ಕಾರು ಬರುತ್ತಿದ್ದರೆ ತೊಂದರೆಯೇ ಇಲ್ಲ, ಎಲ್ಲವೂ ದಾಟಿ ಇನ್ನೂ ಜಾಗ ಮಿಗುತ್ತದೆ.

ಈಗ ಒಂದು ಸಾಲನ್ನು ಅಗೆದರು. ದಾಟುವುದು 30, ಬರುವುದು 40. ಸುತ್ತಿಗೆ 10 ಕಾರು ಬಾಕಿ. ಹತ್ತೇ ತಾನೇ ಎನ್ನಬೇಡಿ. ಗಂಟೆಗೆ 30 ಸುತ್ತು. ಒಂದು ಗಂಟೆಯಲ್ಲಿ 300 ಕಾರು ಬಾಕಿ. ಒಂದು ಕಾರಿಗೆ ಮುಂದಿನ ಸಂದಿಯೂ ಸೇರಿ 6 ಮೀಟರ್ ಎಂದರೆ, 300 × 6 = 1800 ಮೀಟರ್. ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ!

ಬ್ಯಾಂಕಿನಲ್ಲಿ ತಿಂಗಳ ಮೊದಲ ವಾರ ಒಂದು ಕೌಂಟರ್ ಮುಚ್ಚಿದರೆ ಇದೇ ಆಗುತ್ತಿತ್ತು. ಕೌಂಟರ್ ಅರ್ಧ ಆದರೆ ಸಾಲು ಎರಡರಷ್ಟು ಆಗುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲ. ಬರುವವರು ಹೋಗುವವರಿಗಿಂತ ಸ್ವಲ್ಪವೇ ಹೆಚ್ಚಾದರೂ ಸಾಕು, ಸಾಲು ಬೆಳೆಯುತ್ತಲೇ ಹೋಗುತ್ತದೆ. ಬಾಗಿಲು ಹಾಕುವವರೆಗೂ ಕರಗುವುದಿಲ್ಲ.

ಆದರೆ ನಿಜವಾದ ರಸ್ತೆಯಲ್ಲಿ 1800 ಮೀಟರ್ ಸಾಲಿನಲ್ಲಿ ಎಲ್ಲರೂ ತಾಳ್ಮೆಯಿಂದ ನಿಲ್ಲುತ್ತಾರೆಯೇ? ಇಲ್ಲ. ಪಕ್ಕದ ಅಡ್ಡರಸ್ತೆಗೆ ನುಗ್ಗುತ್ತಾರೆ. 40ರಲ್ಲಿ 12 ಕಾರು ಹೀಗೆ ತಿರುಗಿಕೊಂಡವು ಎನ್ನಿ. ದೊಡ್ಡ ರಸ್ತೆಗೆ 28 ಉಳಿದವು. 30 ದಾಟಬಲ್ಲವು. ಅಲ್ಲಿ ಸಾಲೇ ಇಲ್ಲ! ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆದರೆ ಆ 12 ಕಾರು ಎಲ್ಲಿ ಹೋದವು? ಎರಡು ನಿಮಿಷಕ್ಕೆ 12 ಎಂದರೆ ಹತ್ತು ಸೆಕೆಂಡಿಗೆ ಒಂದು. ಗಂಟೆಗೆ 360. ನೀವು ಗೋಡೆಗೆ ಸೀಮೆಸುಣ್ಣದಲ್ಲಿ ವಿಕೆಟ್ ಬರೆದು ಕ್ರಿಕೆಟ್ ಆಡುತ್ತಿದ್ದ, ಅಜ್ಜಿ ಸಂಜೆ ಹೂ ಕಟ್ಟುತ್ತಾ ಜಗಲಿಯಲ್ಲಿ ಕೂರುತ್ತಿದ್ದ ಅಡ್ಡರಸ್ತೆಗೆ ಹತ್ತು ಸೆಕೆಂಡಿಗೊಂದು ಕಾರು. ಸಾಲ ತೀರಲಿಲ್ಲ. ದೊಡ್ಡ ರಸ್ತೆಯ ಖಾತೆಯಿಂದ ಸಣ್ಣ ರಸ್ತೆಯ ಖಾತೆಗೆ ವರ್ಗವಾಯಿತು, ಅಷ್ಟೇ.

ಇದಕ್ಕೆ ಇನ್ನೊಂದು ದಾರಿಯೂ ಉಂಟು. ಅದೇ 12 ಮಂದಿ ಕಾರು ಬಿಟ್ಟು ಬಸ್ಸು, ಮೆಟ್ರೊ ಹಿಡಿದರೆ, ಅಥವಾ ಬೆಳಗಿನ ಒಂಬತ್ತರ ಬದಲು ಹನ್ನೊಂದಕ್ಕೆ ಹೊರಟರೆ, ದೊಡ್ಡ ರಸ್ತೆಯಲ್ಲೂ ಸಾಲಿಲ್ಲ, ಸಣ್ಣ ರಸ್ತೆಯಲ್ಲೂ ಗಲಾಟೆಯಿಲ್ಲ. ಇದು ಬರೀ ಆಸೆಯ ಮಾತಲ್ಲ. ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ಚೊಂಗ್ಯೆಚೊನ್ ಎಂಬ ಹೊಳೆಯನ್ನು ಮುಚ್ಚಿ, ಮೇಲೆ ರಸ್ತೆ, ಅದರ ಮೇಲೆ ಫ್ಲೈಓವರ್ ಕಟ್ಟಿದ್ದರು. ದಿನಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ವಾಹನ ಅಲ್ಲಿ ಓಡುತ್ತಿದ್ದವು. 2003ರಲ್ಲಿ ಆ ಫ್ಲೈಓವರನ್ನೇ ಕೆಡವಲು ಆರಂಭಿಸಿದರು. 2005ರ ಅಕ್ಟೋಬರಿನಲ್ಲಿ ಸುಮಾರು 5.8 ಕಿಲೋಮೀಟರ್ ಉದ್ದದ ಹೊಳೆ ಮತ್ತೆ ಬೆಳಕು ಕಂಡಿತು. ಊರೇ ನಿಂತುಹೋಗುತ್ತದೆ ಎಂದು ಹೆದರಿದ್ದವರಿದ್ದರು. ಊರು ನಿಲ್ಲಲಿಲ್ಲ. ನಡುವೆ 2004ರಲ್ಲಿ ನಗರದ ಬಸ್ ವ್ಯವಸ್ಥೆಯನ್ನು ಪೂರ್ತಿ ಬದಲಿಸಿ, ಬಸ್ಸುಗಳಿಗೆಂದೇ ರಸ್ತೆಯ ನಡುವೆ ದಾರಿ ಬಿಟ್ಟಿದ್ದರು. ಅನೇಕರು ಅದನ್ನು ಹಿಡಿದರು. ಆದರೆ ಅಲ್ಲಿಯೂ ಬೀದಿಬದಿಯ ವ್ಯಾಪಾರಿಗಳು ಜಾಗ ಕಳೆದುಕೊಂಡರು. ಖರ್ಚಿನ ಕಲಂ ಅಲ್ಲೂ ಖಾಲಿ ಇರಲಿಲ್ಲ.

ಸಿಮೆಂಟಿಗೆ ಯಾಕೆ ಅಷ್ಟು ದಿನ?

"ಡಾಂಬರು ರಾತ್ರಿ ಹಾಕಿದರೆ ಬೆಳಿಗ್ಗೆ ಬಸ್ಸು ಓಡುತ್ತದೆ. ಈ ಕಾಂಕ್ರೀಟಿಗೆ ಯಾಕೆ ವಾರಗಟ್ಟಲೆ?" ಎಂದು ಅಜ್ಜಂದಿರು ಕೇಳುತ್ತಾರೆ. ಬೆಂಗಳೂರಿನಲ್ಲಿ ಈಗ ಬಹಳ ರಸ್ತೆಗಳಿಗೆ 'ವೈಟ್ ಟಾಪಿಂಗ್' ಮಾಡುತ್ತಿದ್ದಾರೆ. ಹಳೆಯ ಡಾಂಬರಿನ ಮೇಲೆ ಅರ್ಧ ಅಡಿಯ ಆಸುಪಾಸು ದಪ್ಪಕ್ಕೆ ಕಾಂಕ್ರೀಟು ಹಾಕುವ ಕೆಲಸ ಅದು.

ಡಾಂಬರು ಬೆಲ್ಲದ ಪಾಕದ ಹಾಗೆ. ಬಿಸಿಯಾದರೆ ಕರಗುತ್ತದೆ, ತಣ್ಣಗಾದರೆ ಗಟ್ಟಿ. ಕಾಂಕ್ರೀಟು ಹಾಗಲ್ಲ. ಅದು ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ಸೇರಿ ನಿಧಾನವಾಗಿ ಬೇರೆಯದೇ ವಸ್ತುವಾಗುತ್ತದೆ. ಹಾಲು ಮೊಸರಾಗಲು ಹೊತ್ತು ಬೇಕಲ್ಲ, ಹಾಗೆ. ಅದಕ್ಕೇ ಮೇಲೆ ಗೋಣಿಚೀಲ ಹಾಸಿ ದಿನವೂ ನೀರುಣಿಸುತ್ತಾರೆ. ನೀರು ಆರಿಹೋದರೆ ಬಿರುಕು ಬಿಡುತ್ತದೆ. ಕಾಂಕ್ರೀಟಿನ ಬಲವನ್ನು ಅಳೆಯುವುದು 28 ದಿನಗಳ ನಂತರದ ಲೆಕ್ಕದಲ್ಲಿ. ಈ ನಡುವೆ ಲಾರಿ ಬಿಟ್ಟರೆ ಮೊಸರಿನ ಪಾತ್ರೆಯನ್ನು ನಡುವೆ ಅಲ್ಲಾಡಿಸಿದಂತೆ.

ಪ್ರತಿಫಲವೇನು? ಡಾಂಬರಿಗೆ ನೀರು ಶತ್ರು. ಜಲ್ಲಿಗೂ ಡಾಂಬರಿಗೂ ನಡುವೆ ನೀರು ಹೊಕ್ಕರೆ ಎರಡರ ಹಿಡಿತ ಬಿಟ್ಟು ಹಳ್ಳ ಬೀಳುತ್ತದೆ. ಕಾಂಕ್ರೀಟು ಸರಿಯಾಗಿ ಮಾಡಿದರೆ ಇಪ್ಪತ್ತು ವರ್ಷ ಬಾಳುವಂತೆ ಹಾಕಬಹುದು. ಆದರೆ ಎರಡು ಎಚ್ಚರ ಬೇಕು. ಒಂದು, ಹಳೆಯ ಪದರವನ್ನು ಕೆರೆಯದೆ ಅದರ ಮೇಲೆಯೇ ಹಾಕುತ್ತಾ ಹೋದರೆ ರಸ್ತೆ ಎತ್ತರವಾಗಿ ಮನೆಗಳು ತಗ್ಗಾಗುತ್ತವೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಒಂದು ಮೆಟ್ಟಿಲು ಇಳಿದು ಹೋಗುವ ಸ್ಥಿತಿ ಹಳೆಯ ಬಡಾವಣೆಗಳಲ್ಲಿ ಎಷ್ಟೋ ಕಡೆ ಇದೆ. ಮಳೆ ಬಂದರೆ ನೀರು ನೇರ ನಡುಮನೆಗೆ. ಎರಡು, ಕೆಳಗಿನ ಪೈಪುಗಳನ್ನು ಮೊದಲು ಪಕ್ಕಕ್ಕೆ ಸರಿಸದೆ ಮೇಲೆ ಕಾಂಕ್ರೀಟು ಹಾಕಿದರೆ, ಪೈಪು ಒಡೆದ ದಿನ ಆ ಗಟ್ಟಿ ಹಾಸನ್ನೇ ಒಡೆಯಬೇಕು.

ಖರ್ಚಿನ ಕಲಂ

ಈಗ ಎಡಗಡೆಯ ಕಲಂ ಬರೆಯೋಣ. ಇಲ್ಲಿ ರೂಪಾಯಿಯ ಲೆಕ್ಕ ಮಾತ್ರ ಬರೆದರೆ ತಪ್ಪಾಗುತ್ತದೆ.

ಪಿಂಚಣಿ ಪಡೆಯುವವರು ಪ್ರತಿವರ್ಷ ನವೆಂಬರಿನಲ್ಲಿ 'ನಾನು ಬದುಕಿದ್ದೇನೆ' ಎಂಬ ಪ್ರಮಾಣಪತ್ರ ಕೊಡಬೇಕು. ಹಿಂದೆ ಅದಕ್ಕೆ ಖುದ್ದಾಗಿ ಬರಲೇಬೇಕಿತ್ತು. ಈಗ ಫೋನಿನಲ್ಲೂ ಆಗುತ್ತದೆ, ಆದರೆ ಎಷ್ಟೋ ಹಿರಿಯರಿಗೆ ಬ್ಯಾಂಕಿಗೆ ಹೋಗಿ ಸಹಿ ಹಾಕಿದರೇ ಸಮಾಧಾನ. ಒಂದು ವರ್ಷ ನಮ್ಮ ಬೀದಿಯನ್ನು ನವೆಂಬರಿನಲ್ಲೇ ಅಗೆದಿದ್ದರು. ಎದುರುಮನೆಯ ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಗೇಟಿನ ಮುಂದೆ ಎದೆಮಟ್ಟದ ಕಾಲುವೆ, ಅದರ ಮೇಲೆ ಒಂದೇ ಒಂದು ಹಲಗೆ. ಹಿಡಿದುಕೊಳ್ಳಲು ಏನೂ ಇಲ್ಲ. ಹತ್ತು ದಿನ ಆಕೆ ಹೊರಗೆ ಕಾಲಿಡಲಿಲ್ಲ. "ಬದುಕಿದ್ದೀನಿ ಅಂತ ಹೇಳೋಕೆ ಹೋಗಿ ಗುಂಡಿಗೆ ಬಿದ್ದರೆ ಏನು ಮಾಡ್ಲಪ್ಪಾ?" ಎಂದು ನಗುತ್ತಲೇ ಹೇಳಿದರು. ಆದರೆ ದಿನವೂ ದೇವಸ್ಥಾನಕ್ಕೆ ಹೋಗಿಬರುತ್ತಿದ್ದ ಕಾಲು, ಹತ್ತು ದಿನ ಕೂತರೆ ಮತ್ತೆ ಮೊದಲಿನ ಹಾಗೆ ಏಳುವುದು ಸುಲಭವಲ್ಲ.

ಅವರ ಮೊಮ್ಮಗಳು ಆರನೆಯ ತರಗತಿ. ಅವಳು ನೇರ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಬಳಿ ಹೋಗಿ, "ಅಣ್ಣಾ, ನಮ್ಮಜ್ಜಿಗೆ ಹಿಡ್ಕೊಳ್ಳೋಕೆ ಏನಾದ್ರೂ ಕಟ್ಟಿಕೊಡ್ತೀರಾ?" ಎಂದು ಕೇಳಿದಳು. ಮೇಸ್ತ್ರಿ ಎರಡು ಹಲಗೆ ಜೋಡಿಸಿ, ಎರಡೂ ಬದಿಗೆ ಸರ್ವೆ ಕಂಬ ನೆಟ್ಟು, ಅಡ್ಡಕ್ಕೆ ಬಿದಿರು ಕಟ್ಟಿಸಿದರು. ಅರ್ಧ ಗಂಟೆಯ ಕೆಲಸ. ಬೀದಿಯವರೆಲ್ಲ ಅದೇ ಸೇತುವೆ ಬಳಸಿದರು. ಅಷ್ಟು ದಿನ ದೊಡ್ಡವರಾದ ನಾವೆಲ್ಲ ಗೊಣಗುತ್ತಿದ್ದೆವೇ ಹೊರತು ಯಾರೂ ಹೋಗಿ ಕೇಳಿರಲಿಲ್ಲ.

ಮೂಲೆಯಲ್ಲಿ ಹೂ ಮಾರುವಾಕೆ, ಸೊಪ್ಪಿನವಳು, ಚಪ್ಪಲಿ ಹೊಲಿಯುವವನು, ಇವರಿಗೆ ಫುಟ್‌ಪಾತೇ ಅಂಗಡಿ. ಅಂಗಡಿಯವನಿಗೆ ವ್ಯಾಪಾರ ಕಡಿಮೆಯಾದರೆ ಇವರಿಗೆ ವ್ಯಾಪಾರದ ಜಾಗವೇ ಹೋಗುತ್ತದೆ. ಹೊಸ ಫುಟ್‌ಪಾತು ಮುಗಿದ ಮೇಲೆ "ಇಲ್ಲಿ ಕೂರಬೇಡಿ" ಎಂದು ಎಬ್ಬಿಸಿದರೆ ಅವರು ಎಲ್ಲಿಗೆ ಹೋಗಬೇಕು? ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ಕಾಯಲು 2014ರಲ್ಲಿ ದೇಶಕ್ಕೇ ಒಂದು ಕಾಯ್ದೆ ಬಂದಿದೆ. ರಸ್ತೆಯ ನಕ್ಷೆ ಬರೆಯುವಾಗಲೇ ಅವರಿಗೂ ಒಂದು ಚೌಕ ಬರೆದಿಡುವುದು ನ್ಯಾಯ.

ಇನ್ನು ಅಗೆಯುವವರು. ಬೆಂಗಳೂರಿನಲ್ಲಿ ಗುದ್ದಲಿ ಹಿಡಿದವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಬಹಳ. ರಸ್ತೆ ಬದಿಯ ನೀಲಿ ಟಾರ್ಪಾಲಿನ ಗುಡಿಸಲಿನಲ್ಲಿ ಅವರ ಮಕ್ಕಳೂ ಇರುತ್ತಾರೆ. ನಿಮ್ಮದೇ ವಯಸ್ಸಿನವರು. ರಸ್ತೆ ಮುಗಿದ ದಿನ ನಿಮ್ಮ ಶಾಲೆಗೆ ದಾರಿ ಸುಗಮವಾಗುತ್ತದೆ. ಅವರು ಅದೇ ದಿನ ಗಂಟುಮೂಟೆ ಕಟ್ಟಿ ಇನ್ನೊಂದು ರಸ್ತೆಗೆ ಹೋಗುತ್ತಾರೆ, ಶಾಲೆ ಮತ್ತೆ ತಪ್ಪುತ್ತದೆ. ಈ ಖರ್ಚನ್ನು ಯಾವ ಟೆಂಡರಿನಲ್ಲಿಯೂ ಬರೆದದ್ದು ನಾನು ನೋಡಿಲ್ಲ.

ಜಮಾ ಕಲಂ

ಬಲಗಡೆಗೂ ಬರೋಣ. ನಮ್ಮ ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಎದುರುಬದುರು ಎರಡು ಗಾಲಿಕುರ್ಚಿಗಳು ಬಂದರೂ ದಾಟುವಷ್ಟು. ಅಂಚಿನ ಎತ್ತರ 15 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಮಂಡಿನೋವಿನ ಅಜ್ಜಿಗೆ ಒಂದಡಿ ಎತ್ತರದ ಫುಟ್‌ಪಾತು ಇದ್ದೂ ಇಲ್ಲದ ಹಾಗೆ. ಆಕೆ ರಸ್ತೆಗೇ ಇಳಿದು ನಡೆಯುತ್ತಾರೆ, ಬಸ್ಸಿನ ಪಕ್ಕದಲ್ಲಿ.

ರಸ್ತೆ ದಾಟುವ ಲೆಕ್ಕ ನೋಡಿ. ಸಿಗ್ನಲ್ಲಿಗೆ ಸಮಯ ಇಡುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡು ಸಾಕು. ಆದರೆ ಕೋಲೂರಿ ನಡೆಯುವ ಅಜ್ಜ ಸೆಕೆಂಡಿಗೆ 0.8 ಮೀಟರ್ ನಡೆದರೆ? ಹದಿನೇಳೂವರೆ ಸೆಕೆಂಡು ಬೇಕು. ಹನ್ನೆರಡನೆಯ ಸೆಕೆಂಡಿಗೆ ದೀಪ ಬದಲಾದಾಗ ಅವರು ಇನ್ನೂ ನಾಲ್ಕು ಮೀಟರಿಗೂ ಹೆಚ್ಚು ದೂರದಲ್ಲಿ, ನಡುರಸ್ತೆಯಲ್ಲಿ ನಿಂತಿರುತ್ತಾರೆ. ಹೊಸದಾಗಿ ಕಟ್ಟುವಾಗ ದಾಟುವ ಕಡೆ ಎರಡೂ ಬದಿಯ ಫುಟ್‌ಪಾತನ್ನು ಎರಡೆರಡು ಮೀಟರ್ ಮುಂದಕ್ಕೆ ತಂದರೆ ದಾಟುವ ಅಗಲ 10 ಮೀಟರಿಗೆ ಇಳಿಯುತ್ತದೆ. ಅದೇ ಅಜ್ಜ ಹನ್ನೆರಡೂವರೆ ಸೆಕೆಂಡಿಗೆ ದಾಟುತ್ತಾರೆ. ದೀಪಕ್ಕೆ ಇನ್ನೊಂದೆರಡು ಸೆಕೆಂಡು ಸೇರಿಸಿದರೆ ನೆಮ್ಮದಿಯಾಗಿ ದಾಟುತ್ತಾರೆ. ಆ ನಾಲ್ಕು ಮೀಟರಿನ ಬೆಲೆ ಒಂದು ಜೀವ. ಅದನ್ನು ಜಮಾ ಕಲಮಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆಯುತ್ತೇನೆ.

ಎರಡೂ ಕಲಂ ಕೂಡಿ ನೋಡಿದರೆ ರಸ್ತೆ ಅಗೆಯುವುದೇ ತಪ್ಪು ಎಂದು ಹೇಳಲಾಗದು. ಸೋರುವ ಪೈಪನ್ನು ಮುಚ್ಚಿಟ್ಟು ಎಷ್ಟು ದಿನ ಬಾಳುವುದು? ತಪ್ಪು ಇರುವುದು ಬೇರೆ ಕಡೆ. ಜಮಾ ಹೋಗುವುದು ಮುಂದಿನ ಇಪ್ಪತ್ತು ವರ್ಷ ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ. ಖರ್ಚು ಬೀಳುವುದು ಈ ಒಂದು ವರ್ಷ ಅಲ್ಲಿರುವ ಕೆಲವರ ಮೇಲೆ. ಎಂಬತ್ತು ದಾಟಿದ ಅಜ್ಜಿಗೆ ಒಂದು ವರ್ಷವೆಂದರೆ ಬಹಳ ದೊಡ್ಡ ಕಂತು. ಆ ಖರ್ಚನ್ನು ಕಡಿಮೆ ಮಾಡುವುದು ಅಸಾಧ್ಯವಲ್ಲ. ರಸ್ತೆಯ ಎರಡೂ ಬದಿಯನ್ನು ಒಟ್ಟಿಗೆ ಅಗೆಯದೆ ಒಂದೊಂದಾಗಿ ಅಗೆಯುವುದು, ಶುರುವಾಗುವ ಮೊದಲೇ ದಿನಾಂಕ ಬರೆದ ಫಲಕ ಹಾಕುವುದು, ದೂರದಿಂದಲೇ ಕಾಣುವ ಎಚ್ಚರಿಕೆ, ರಾತ್ರಿ ದೀಪ, ಗುಂಡಿಯ ಸುತ್ತ ಗಟ್ಟಿ ಬೇಲಿ, ಪ್ರತಿ ಗೇಟಿಗೆ ಹಿಡಿಕೆಯಿರುವ ಹಲಗೆ, ಅಡ್ಡರಸ್ತೆಯ ಬಾಯಲ್ಲಿ ಒಬ್ಬ ಕಾವಲುಗಾರ. ಯಾವುದೂ ಕೋಟಿ ರೂಪಾಯಿಯ ಮಾತಲ್ಲ.

ಈ ವಾರದ ಕೆಲಸ

ಅಜ್ಜ ಅಥವಾ ಅಜ್ಜಿಯ ಜೊತೆ ಮನೆಯಂಗಳದಲ್ಲೋ ಉದ್ಯಾನದಲ್ಲೋ ಹತ್ತು ಮೀಟರ್ ಅಳೆದು ಗೆರೆ ಹಾಕಿ. ಅವರು ಎಂದಿನಂತೆ ನಡೆಯಲಿ, ಅವಸರ ಮಾಡಿಸಬೇಡಿ. ಎಷ್ಟು ಸೆಕೆಂಡು ಬೇಕಾಯಿತು ಬರೆದುಕೊಳ್ಳಿ. 10ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬಂದದ್ದು ಅವರ ನಡಿಗೆಯ ವೇಗ.

ಆಮೇಲೆ ನಿಮ್ಮ ಮನೆಗೆ ಹತ್ತಿರದ ಸಿಗ್ನಲ್ಲಿಗೆ ದೊಡ್ಡವರೊಡನೆ ಹೋಗಿ. ಫುಟ್‌ಪಾತಿನ ಮೇಲೆಯೇ ನಿಂತು, ನಡೆಯುವವರಿಗೆ ಹಸಿರು ಎಷ್ಟು ಸೆಕೆಂಡು ಇರುತ್ತದೆ ಎಣಿಸಿ. ಅಜ್ಜಿಯ ವೇಗಕ್ಕೆ ಅದು ಸಾಕೇ? ಸಾಲದಿದ್ದರೆ, ಎಷ್ಟು ಸೆಕೆಂಡು ಬೇಕು ಎಂಬ ಲೆಕ್ಕವನ್ನು ಒಂದು ಹಾಳೆಯಲ್ಲಿ ಅಂದವಾಗಿ ಬರೆದು, ಕೆಳಗೆ ನೀವೂ ಅಜ್ಜಿಯೂ ಸಹಿ ಮಾಡಿ, ನಿಮ್ಮ ಭಾಗದ ಸಂಚಾರ ಪೊಲೀಸ್ ಠಾಣೆಗೆ ಕೊಟ್ಟುಬನ್ನಿ. ಕೊಟ್ಟ ದಿನಾಂಕ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳುವುದನ್ನು ಮಾತ್ರ ಮರೆಯಬೇಡಿ.